ನಡೆಯದ ಸಭೆಗಳ ನಡಾವಳಿ

ಏನೂ ಮಾಡದೆ ಕೂತವರಿಗೆ ಇಷ್ಟೊಂದು ಬರೆಯುವ ಕೆಲಸ ಇರುತ್ತದೆ ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ಆ ಕಂಪನಿಯ ಕಾಗದಕ್ಕೆ ಸೈನು ಹಾಕುವ ಬದಲು ಪೆನ್ನನ್ನೇ ಒಲೆಗೆ ಹಾಕುತ್ತಿದ್ದೆ. ಈ ಮಾತು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಬರಲಿ.

ನಮ್ಮದು ಗೆಟ್ಟವಾಡಿ, ಆಡುವ ಮಾತು ಕನ್ನಡ, ಸರ್ಕಾರ ತಮಿಳಿನದು. ಗಂಡ ಹೊಲ ನೋಡಿಕೊಂಡರೆ ನಾನು ರವಿಕೆ, ಲಂಗ ಹೊಲಿಯುತ್ತಿದ್ದೆ. ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ವಾರಗಿತ್ತಿ, ಪಕ್ಕದ ಮನೆಯಲ್ಲೇ ಇದ್ದಳು. ಎರಡು ಮನೆಗೂ ನಡುವೆ ಒಂದೇ ಗೋಡೆ. ಅವಳನ್ನು ಅಕ್ಕ ಎನ್ನುತ್ತಿದ್ದೆ. ನಾವಿಬ್ಬರೂ ಸೇರಿ ಹುಣಸೆಹಣ್ಣಿನ ಕೆಲಸ ಶುರು ಮಾಡಿದ್ದೆವು. ಬೇಸಿಗೆಯಲ್ಲಿ ಮರ ಗುತ್ತಿಗೆ ಹಿಡಿದು, ಹಣ್ಣು ಒಣಗಿಸಿ, ಊರಿನ ಏಳೆಂಟು ಹೆಂಗಸರನ್ನು ಕೂರಿಸಿಕೊಂಡು ಬೀಜ, ನಾರು ಬಿಡಿಸಿ ಪೊಟ್ಟಣ ಕಟ್ಟುವುದು. ಕೊಯಮತ್ತೂರಿನ ವ್ಯಾಪಾರಿಯೊಬ್ಬ ಬಂದು ನೋಡಿ, ಹಣ್ಣು ಚೆನ್ನಾಗಿದೆ, ಆದರೆ ನಾನು ಕಂಪನಿಗಳ ಹತ್ತಿರ ಮಾತ್ರ ಕೊಳ್ಳುವುದು ಎಂದ. ಸರಿ, ಕಂಪನಿ ಆಗೋಣ ಎಂದೆವು. ಇಬ್ಬರಿದ್ದರೆ ಸಾಕಂತೆ, ಪ್ರೈವೇಟ್ ಲಿಮಿಟೆಡ್. ಅಕ್ಕ ದೊಡ್ಡವಳು, ಅವಳನ್ನು ಅಧ್ಯಕ್ಷೆ ಮಾಡಿದೆವು. ನಾನು ಹತ್ತನೇ ಕ್ಲಾಸು ಓದಿದ್ದೆನಲ್ಲ, ಉಳಿದದ್ದೆಲ್ಲ ನಾನು.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಮೂರನೇ ವರ್ಷ ಒಂದು ಲೋಡು ವಾಪಸ್ಸು ಬಂತು, ಹಣ್ಣಿನಲ್ಲಿ ಬೀಜ ಇದೆ ಎಂದು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಇರಲಿಲ್ಲ. ಕೆಲಸದ ಹೆಂಗಸರೆಲ್ಲರ ಎದುರಿಗೆ, "ಇದು ನನ್ನ ಕಡೆ ಕೂತವರು ಬಿಡಿಸಿದ್ದಲ್ಲ, ಅಕ್ಕನ ಕಡೆಯದು" ಎಂದೆ. ಅಕ್ಕ ಎದ್ದು ಸೀರೆಯ ನೆರಿಗೆ ಕೊಡವಿ ಒಳಗೆ ಹೋದಳು. ಅಲ್ಲಿಗೆ ಹುಣಸೆಹಣ್ಣೂ ನಿಂತಿತು, ಮಾತೂ ನಿಂತಿತು.

ನಮ್ಮ ಕಡೆ ಮಾತು ಬಿಡುವುದೆಂದರೆ ಸುಮ್ಮನೆ ಮುಖ ತಿರುಗಿಸುವುದಲ್ಲ, ಅದಕ್ಕೊಂದು ಕ್ರಮ ಇದೆ. ಹೇಳಲೇಬೇಕಾದ್ದನ್ನು ಹಸುವಿಗೋ ಮಗುವಿಗೋ ಹೇಳಬೇಕು, ಅವರಿಗೆ ಕೇಳಿಸುವ ಹಾಗೆ. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಕೂರಬಾರದು. ಮತ್ತೆ ಕೂತರೆ ರಾಜಿಯಾಯಿತು ಎಂದೇ ಅರ್ಥ, ಅದಕ್ಕೂ ಹಿರಿಯರು ಕರೆದು ಕೂರಿಸಿ ಎಲೆಅಡಿಕೆ ಕೊಡಬೇಕು. ನಮ್ಮಿಬ್ಬರ ಗಂಡಂದಿರು ಮಾತ್ರ ಇದ್ಯಾವುದೂ ತಮಗೆ ಸಂಬಂಧವೇ ಇಲ್ಲದವರ ಹಾಗೆ ಒಂದೇ ಬೆಂಕಿಪೊಟ್ಟಣದಲ್ಲಿ ಬೀಡಿ ಹಚ್ಚಿಕೊಂಡು ಓಡಾಡುತ್ತಿದ್ದರು.

ಹೀಗೆ ಐದು ವರ್ಷ ಕಳೆಯಿತು. ಎರಡು ಸಾವಿರದ ಇಸವಿ ದಾಟಿತ್ತು. ಕಂಪನಿಯ ನೆನಪೂ ನನಗಿರಲಿಲ್ಲ. ಒಂದು ದಿನ ಕಂಪನಿಗಳನ್ನು ನೋಡಿಕೊಳ್ಳುವ ಕೊಯಮತ್ತೂರಿನ ಸರ್ಕಾರಿ ಕಚೇರಿಯಿಂದ ರಿಜಿಸ್ಟರ್ ಪೋಸ್ಟಿನಲ್ಲಿ ಇಂಗ್ಲಿಷ್ ಕಾಗದ ಬಂತು. ಪೋಸ್ಟ್‌ಮ್ಯಾನು ಅದನ್ನು ತಮಿಳಿನಲ್ಲಿ ಬಿಡಿಸಿ ಹೇಳಿದ: ಐದು ವರ್ಷದಿಂದ ನಿಮ್ಮ ಕಂಪನಿ ಲೆಕ್ಕಪತ್ರ ಸಲ್ಲಿಸಿಲ್ಲ, ಯಾಕೆ ಕೋರ್ಟಿಗೆ ಎಳೆಯಬಾರದು ಹೇಳಿ ಎಂದು ಕೇಳಿದ್ದಾರೆ. ಎಳೆಯುವುದೆಂದರೆ ಇಬ್ಬರನ್ನೂ, ನನ್ನನ್ನೂ ಅಕ್ಕನನ್ನೂ. ಕಾಗದ ಮಡಿಸಿ ಸೆರಗಿನಲ್ಲಿ ಗಂಟು ಹಾಕಿಕೊಂಡೆ. ಆಮೇಲೆ ಸಿಟ್ಟು ಬಂತು. ಅಲ್ಲ, ಏನು ಸಲ್ಲಿಸುವುದು? ಒಂದು ಹುಣಸೆಬೀಜ ಕೂಡ ಮಾರಿಲ್ಲ.

ಮಾರನೆಯ ಬೆಳಿಗ್ಗೆ ಸತ್ಯಮಂಗಲದ ಬಸ್ಸು ಹತ್ತಿದೆ. ದಿಂಬಂನಲ್ಲಿ ಒಂದು ಟೀ ಕುಡಿದು, ಘಾಟಿಯ ತಿರುವುಗಳಲ್ಲಿ ಹೊಟ್ಟೆ ಹಿಡಿದುಕೊಂಡು, ಕಂಪನಿ ಮಾಡಿಸಿಕೊಟ್ಟಿದ್ದ ಆಡಿಟರ ಮುಂದೆ ಹೋಗಿ ಕೂತೆ. ಆತ ಕಾಗದ ನೋಡಿ ತಲೆಯಾಡಿಸಿದ. "ಅಮ್ಮಾ, ಕಂಪನಿ ನಿದ್ದೆ ಮಾಡಿದರೂ ಕಾನೂನು ನಿದ್ದೆ ಮಾಡೋಲ್ಲ" ಎಂದ ತಮಿಳಿನಲ್ಲಿ. ಈ ಮಾತನ್ನು ಬಂದವರಿಗೆಲ್ಲ ಹೇಳುತ್ತಾನೆ ಅಂತ ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಆಮೇಲೆ ಒಂದೊಂದಾಗಿ ಕೇಳಿದ. ಸದಸ್ಯರ ಪುಸ್ತಕ ಎಲ್ಲಿ, ಡೈರೆಕ್ಟರುಗಳ ಪುಸ್ತಕ ಎಲ್ಲಿ, ಎಂಟು ವರ್ಷದ ಲೆಕ್ಕ ಜೋಪಾನವಾಗಿದೆಯಾ, ಮನೆ ಮುಂದೆ ಕಂಪನಿ ಹೆಸರಿನ ಬೋರ್ಡು ಇದೆಯಾ. ಬೋರ್ಡು ಗಾಳಿಗೆ ಬಿದ್ದಾಗ ಕೋಳಿಗೂಡಿಗೆ ಬಾಗಿಲು ಮಾಡಿದ್ದೆವು. ಹಾಗೆಂದು ಹೇಳಿದೆ. "ಹೊರಗಡೆ ಕಾಣೋ ಹಾಗೆ ಇದೆ ತಾನೆ?" ಎಂದ. ಇವನು ತಮಾಷೆ ಮಾಡುತ್ತಿದ್ದಾನೋ ನಿಜವಾಗಿ ಕೇಳುತ್ತಿದ್ದಾನೋ ನನಗೆ ಇವತ್ತಿಗೂ ತಿಳಿಯದು.

"ಏನೂ ನಡೆದಿಲ್ಲ ಅಂತ ಒಂದು ಕಾಗದ ಬರೆದುಕೊಟ್ಟರೆ ಆಗೋಲ್ವಾ ಸಾರ್?" ಎಂದೆ.

"ಏನೂ ನಡೆದಿಲ್ಲ ಅನ್ನೋದಕ್ಕೂ ದಾಖಲೆ ಬೇಕಮ್ಮಾ. ಪ್ರತಿ ವರ್ಷ ಏನೂ ನಡೆದಿಲ್ಲ ಅಂತ ಬೇರೆಬೇರೆಯಾಗಿ ಇರಬೇಕು."

ನೋಡಿ, ಎಂಥಾ ನ್ಯಾಯ. ಕಾಡುಹಂದಿ ನುಗ್ಗಿ ಹೊಲ ಹಾಳು ಮಾಡಿದಾಗ ನಾವು ತಿಂಗಳುಗಟ್ಟಲೆ ಅಲೆದು ಕಾಗದ ಕೊಟ್ಟರೂ ಏನೂ ನಡೆದೇ ಇಲ್ಲ ಎನ್ನುತ್ತಾರೆ. ಇಲ್ಲಿ ನಿಜವಾಗಿ ಏನೂ ನಡೆದಿಲ್ಲ, ಇದನ್ನು ನಡೆದಂತೆ ಬರೆದುಕೊಡಬೇಕಂತೆ. ಅವನ ಮೇಜಿನ ಮೇಲಿದ್ದ ಫೈಲುಗಳನ್ನೆಲ್ಲ ಎತ್ತಿ ಬೀದಿಗೆ ಎಸೆಯಬೇಕು ಅನ್ನಿಸಿತು. ಸೆರಗು ಹಿಂಡುತ್ತಾ ಕೂತಿದ್ದೆ.

ಅವನೇ ದಾರಿಯನ್ನೂ ಹೇಳಿದ. ನಿಂತುಹೋದ ಕಂಪನಿಗಳನ್ನು ಮುಚ್ಚಿಕೊಳ್ಳಲು ಸರ್ಕಾರ ಆಗ ಕೆಲವು ತಿಂಗಳ ಅವಕಾಶ ಕೊಟ್ಟಿತ್ತು. ಅದರೊಳಗೆ ಅರ್ಜಿ ಹಾಕಿದರೆ ಕೋರ್ಟು ಇಲ್ಲ, ತಪ್ಪಿದರೆ ಇಬ್ಬರೂ ಕೊಯಮತ್ತೂರಿನ ಕೋರ್ಟಿನಲ್ಲಿ ನಿಲ್ಲಬೇಕು. ಆದರೆ ಅರ್ಜಿಗೆ ಮೊದಲು ಪುಸ್ತಕಗಳು ಸರಿಯಿರಬೇಕು ಎಂದು ಹಟ ಹಿಡಿದ. ಅದರಲ್ಲೂ ಸಭೆಯ ನಡಾವಳಿ ಪುಸ್ತಕ. ವರ್ಷಕ್ಕೊಮ್ಮೆ ಸದಸ್ಯರೆಲ್ಲ ಕಂಪನಿಯ ವಿಳಾಸದಲ್ಲಿ, ಅಂದರೆ ನನ್ನ ಮನೆಯಲ್ಲಿ, ಸಭೆ ಸೇರಬೇಕು, ಕಡೇಪಕ್ಷ ಇಬ್ಬರು ಸ್ವತಃ ಹಾಜರಿರಬೇಕು, ನಡೆದದ್ದನ್ನು ಬರೆದು ಅಧ್ಯಕ್ಷೆ ಸೈನು ಹಾಕಬೇಕು. ಹೊಲಿದ ಪುಸ್ತಕವೇ ಆಗಬೇಕು, ಪುಟಕ್ಕೆ ನಂಬರು ಇರಬೇಕು, ಒಂದು ಹಾಳೆಯನ್ನೂ ಹರಿಯುವಂತಿಲ್ಲ.

"ನಾವಿಬ್ಬರೂ ಮಾತು ಬಿಟ್ಟು ಐದು ವರ್ಷ ಆಯ್ತು" ಎಂದೆ.

"ಅದರಿಂದೇನು? ಐದು ಸಭೆ ಬರೆದುಬಿಡಿ. ಇಬ್ಬರೂ ಹಾಜರು, ಎಲ್ಲದಕ್ಕೂ ಸರ್ವಾನುಮತ."

ನಾನು ಎದ್ದು ನಿಂತೆ. "ಸಾರ್, ಆಯಮ್ಮ ನನ್ನ ಮನೆಗೆ ಬಂದು ಕೂತಳು ಅಂತ ಬರೆದರೆ ರಾಜಿಯಾದೆವು ಅಂತ ಬರೆದ ಹಾಗೆ. ಐದು ಸಲ ರಾಜಿಯಾದೆವು ಅಂತ ಸುಳ್ಳು ಬರೆಯೋಳಲ್ಲ ನಾನು. ಬಡವರಿರಬಹುದು, ಸುಳ್ಳುಬುರುಕರಲ್ಲ" ಎಂದೆ. ಆತ ನಕ್ಕು, ಎಲ್ಲಾ ಕಂಪನಿಯವರೂ ಹೀಗೇ ಬರೆಯುವುದು ಎಂದು ಇಂಗ್ಲಿಷಿನ ಮಾದರಿ ಹಾಳೆ ಕೈಗಿತ್ತ. ಬಸ್ಸಿನುದ್ದಕ್ಕೂ ಅವನನ್ನು ಬೈದುಕೊಂಡು ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನನ್ನೇ ಬೈಯುತ್ತಿದ್ದೇನೆಂದು ತಿಳಿದು ಎದ್ದು ಬೇರೆ ಸೀಟಿಗೆ ಹೋದಳು.

ಕೋರ್ಟಿನ ಭಯ ದೊಡ್ಡದು. ಒಂದು ವಾರ ಕುದಿದು, ಕೊನೆಗೆ ಬರೆದೆ. ಮಾದರಿ ನೋಡಿಕೊಂಡು ಐದು ವರ್ಷದ ಐದು ಸಭೆ, ಒಂದೊಂದೂ ಸೆಪ್ಟೆಂಬರ್ ಕೊನೆಯ ವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಇನ್ನು ಬೇಕಾದ್ದು ಅಕ್ಕನ ಸೈನು. ಅವಳು ಹಾಕದಿದ್ದರೆ ಬರೆದದ್ದೆಲ್ಲ ದಂಡ.

ಮಧ್ಯಾಹ್ನ ಪುಸ್ತಕ ಹಿಡಿದು ಅವಳ ಅಂಗಳಕ್ಕೆ ಹೋದೆ. ಅಕ್ಕ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಹಸು ಕೊಟ್ಟಿಗೆಯ ಕಂಬಕ್ಕೆ ಕಟ್ಟಿತ್ತು. ನಾನು ಹಸುವಿನ ಕಡೆ ತಿರುಗಿ, ಕೋರ್ಟಿನ ವಿಷಯ, ಸೈನಿನ ವಿಷಯ ಎಲ್ಲ ಹೇಳಿದೆ.

"ಏನ್ ಬರ್ದದೆ ಅಂತ ಓದಕ್ಕೇಳು" ಎಂದಳು ಅಕ್ಕ, ಹಸುವಿಗೆ. "ಗೊತ್ತಿಲ್ದೆ ಸೈನ್ ಆಕಿ ಒಂದ್ಸಲ ಕೆಟ್ಟಿದ್ದು ಸಾಕು."

ಓದಿದೆ, ಕನ್ನಡದಲ್ಲಿ ಹೇಳುತ್ತಾ. ಮೊದಲ ವರ್ಷ. ಅಧ್ಯಕ್ಷರು ಬಂದ ಸದಸ್ಯರೆಲ್ಲರನ್ನೂ ಸ್ವಾಗತಿಸಿದರು.

"ಎಲ್ಲಾರ್ನೂ ಅಂದ್ರ ಯಾರ್ಯಾರ?"

"ನನ್ನ" ಎಂದೆ ಹಸುವಿಗೆ.

ಅಕ್ಕ ಮೊರ ಅಡ್ಡ ಹಿಡಿದು ನಕ್ಕಳು. ಐದು ವರ್ಷದ ಮೇಲೆ ಆ ನಗು ಕೇಳಿ ನನಗೂ ತಡೆಯಲಾಗಲಿಲ್ಲ. ಎರಡನೇ ವರ್ಷವೂ ಅದೇ. ಕಂಪನಿಯ ಪ್ರಗತಿಯ ಬಗ್ಗೆ ಸಮಾಧಾನ ವ್ಯಕ್ತಪಡಿಸಲಾಯಿತು ಎಂದು ಓದಿದಾಗ ಅಕ್ಕ, "ಯಾರ್ಗೆ ಸಮಾಧಾನ ಆಗಿತ್ತಂತೆ, ಕೇಳವ್ವ" ಎಂದಳು. ಹೀಗೇ ಮುಗಿದುಹೋಗುತ್ತದೆ ಅಂದುಕೊಂಡೆ. ಮೂರನೇ ವರ್ಷದ ಇಸವಿ, ತಿಂಗಳು ಓದಿದೆ. ಮೊರ ನಿಂತಿತು.

"ಇದ್ಯಾವ್ ವರ್ಸ ಅಂದೆ?" ಹಸುವಿಗಲ್ಲ, ನನಗೇ ಕೇಳಿದಳು.

ಮತ್ತೆ ಓದಿದೆ.

"ಆಗ ನಾನು ಮೈಸೂರಾಸ್ಪತ್ರೇಲಿ ಮಲ್ಗಿದ್ದೆ ಕಣಮ್ಮಿ. ಗರ್ಭಕೋಶ ತೆಗ್ದಿದ್ರು. ನಂಜಾಗಿ ಇಪ್ಪತ್ತು ದಿನ ಎದ್ದೇಳ್ನಿಲ್ಲ. ಬದ್ಕಲ್ಲ ಅಂದ್ಬುಟ್ಟಿದ್ರು. ಗೆಟ್ಟವಾಡಿಯಿಂದ ಎಲ್ಲಾರೂ ಬಂದ್ರು, ನೀ ಬರ್ನಿಲ್ಲ. ಅವತ್ತು ನಿನ್ನ ಮನೇಲಿ ಕೂತಿದ್ದೆ ಅಂತ ನಾ ಎಂಗ್ ಸೈನಾಕ್ಲಿ? ಮಿಕ್ಕಿದ್ದ ಏನಾರ ಬರ್ಕೋ. ಇದೊಂದ ಒಡ್ದಾಕು."

ಮಾತು ಬಿಟ್ಟವರೂ ಕಾಯಿಲೆಯವರನ್ನು ಹೋಗಿ ನೋಡುತ್ತಾರೆ. ಅದು ನಮ್ಮಲ್ಲಿ ಎಲ್ಲ ಜಗಳಕ್ಕಿಂತ ಮೇಲಿನದು. ಆಡಿಟರ ಮುಂದೆ ಅಷ್ಟು ಜೋರು ಮಾಡಿದವಳು ನಾನು, ತಲೆ ತಗ್ಗಿಸಿ ಪೆನ್ನು ತೆಗೆದೆ. ಆ ಪುಟಕ್ಕೆ ಅಡ್ಡಗೆರೆ ಎಳೆದು, ಕೆಳಗೆ ನಿಜ ಬರೆಯಲು ಹೊರಟೆ. ಅದಕ್ಕೆ ಬೇಕಾದ ಇಂಗ್ಲಿಷು ಮಾದರಿ ಹಾಳೆಯಲ್ಲಿ ಇರಲಿಲ್ಲ. ಕನ್ನಡದಲ್ಲೇ ಬರೆದೆ: ಈ ವರ್ಷ ಸಭೆ ನಡೆಯಲಿಲ್ಲ. ಅಧ್ಯಕ್ಷರು ಮೈಸೂರಿನ ಆಸ್ಪತ್ರೆಯಲ್ಲಿದ್ದರು. ಇನ್ನೊಬ್ಬ ಸದಸ್ಯೆ ನೋಡಲು ಹೋಗಲಿಲ್ಲ.

ಓದಿ ಹೇಳಿದೆ. ಅಕ್ಕ ಮೊರ ಪಕ್ಕಕ್ಕಿಟ್ಟಳು. ಆಮೇಲೆ, "ನೀ ಆಗ ಕಳ್ಳೆಕಾಯಿ ಕೀಳಕ್ಕ ಅಂತ ತಿಗನಾರೆಗೆ ಓಗಿದ್ದೆ, ತವ್ರಿಗೆ. ನಿಂಗೆ ಗೊತ್ತಿರ್ನಿಲ್ಲ. ಅದ್ನೂ ಸೇರ್ಸು. ಬರೇ ನೋಡಕ್ಕೋಗ್ನಿಲ್ಲ ಅಂದ್ರ ಓದ್ದೋರು ನಿನ್ನ ಕೆಟ್ಟೋಳು ಅನ್ಕತಾರ" ಎಂದಳು.

ಪೆನ್ನು ಕೈಯಲ್ಲೇ ಇತ್ತು. ಸೇರಿಸಿದೆ: ಆಕೆಗೆ ವಿಷಯ ತಿಳಿದಿರಲಿಲ್ಲ. ಅಕ್ಕ ಕನ್ನಡಕ ಹಾಕಿಕೊಂಡು ಎಲ್ಲ ಪುಟಕ್ಕೂ ನಿಧಾನವಾಗಿ ಸೈನು ಹಾಕಿದಳು. "ಉಂಡ್ಕಂಡೋಗು, ಬಸ್ಸಾರಿದೆ" ಎಂದಳು. ಅಂದು ಶುರುವಾದ ಮಾತು ಮತ್ತೆ ನಿಲ್ಲಲಿಲ್ಲ.

ಆಡಿಟರು ಆ ಪುಟ ನೋಡಿ ಹಣೆ ಚಚ್ಚಿಕೊಂಡ. "ಇದೇನಮ್ಮಾ, ಆಸ್ಪತ್ರೆ ಕತೆಯನ್ನೆಲ್ಲ ಬರೆದಿದ್ದೀರಿ?" ಎಂದ. ಹರಿದುಹಾಕಿ ಎಂದೆ. ಹಾಳೆ ಹರಿಯುವಂತಿಲ್ಲ ಎಂದು ಅವನೇ ಹೇಳಿದ್ದನಲ್ಲ, ಮೂತಿ ಊದಿಸಿಕೊಂಡು ಅರ್ಜಿ ಕಳಿಸಿದ. ಕಂಪನಿ ಮುಚ್ಚಿತು. ನಡಾವಳಿ ಪುಸ್ತಕ ತೋರಿಸಿ ಎಂದು ಕೊಯಮತ್ತೂರಿನಿಂದ ಒಬ್ಬನೂ ಕೇಳಲಿಲ್ಲ. ಯಾರೂ ಕೇಳದ ಪುಸ್ತಕಕ್ಕೆ ನನ್ನನ್ನು ಅಷ್ಟು ಗೋಳು ಹೊಯ್ದುಕೊಂಡನಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಪುಸ್ತಕ ನನ್ನ ಹತ್ತಿರವೇ ಇದೆ. ಅದರಲ್ಲಿ ನಾಲ್ಕು ಸಭೆಗಳು ಸರ್ಕಾರಕ್ಕಾಗಿ ಬರೆದ ಸುಳ್ಳು. ಅವುಗಳಿಗೆ ನನಗೆ ಒಂದಿಷ್ಟೂ ನಾಚಿಕೆಯಿಲ್ಲ, ಬೇಕಾದರೆ ಇನ್ನೂ ನಾಲ್ಕು ಬರೆಯುತ್ತೇನೆ. ಅಕ್ಕ ಹೇಳಿ ಬರೆಸಿದ ಆ ಒಂದು ಸಾಲು ಮಾತ್ರ ಓದಲಾಗುವುದಿಲ್ಲ. ನಾನು ತಿಗನಾರೆಗೆ ಹೋದದ್ದು ಮಾರನೆಯ ದಿನ. ಅಕ್ಕನನ್ನು ಮೈಸೂರಿಗೆಂದು ಇಬ್ಬರು ತೋಳು ಹಿಡಿದು ಜೀಪಿಗೆ ಹತ್ತಿಸುವಾಗ ನಾನು ಮನೆಯಲ್ಲೇ ಇದ್ದೆ. ಬಾಗಿಲ ಸಂದಿಯಿಂದ ನೋಡಿದೆ. ನೋಡಿ, ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡೆ.