ತೇಪೆಯಣ್ಣನ ಗಂಟು

ಬೀದಿಯವರೆಲ್ಲ ಆತನನ್ನು ಕರೆಯುತ್ತಿದ್ದದ್ದು ತೇಪೆಯಣ್ಣ ಎಂದು. ಬಸ್ ನಿಲ್ದಾಣದ ಪಕ್ಕದ ಗೂಡಿನಂಥ ಅಂಗಡಿಯಲ್ಲಿ ಕೂತು ಹರಿದ ಚೀಲ, ಮುರಿದ ಕೊಡೆ, ಬಾಯಿ ಬಿಟ್ಟ ಚಪ್ಪಲಿ, ಏನು ಕೊಟ್ಟರೂ ಸರಿಮಾಡಿ ಕೊಡುವ ಆಸಾಮಿ. ಮೇಣ ಸವರಿದ ದಾರದಲ್ಲಿ ಆತ ಗಂಟು ಹಾಕಿದನೆಂದರೆ ಮುಗಿಯಿತು, ದಾರ ಕತ್ತರಿಸಬೇಕೇ ಹೊರತು ಗಂಟು ಬಿಚ್ಚಲಾಗದು. "ಎಸೆಯೋಕೆ ಯಾವ ವಿದ್ಯೆ ಬೇಕು? ಉಳಿಸೋಕೆ ಬೇಕು" ಎಂಬ ಆತನ ಮಾತು ಕೇಳಿ ಕೇಳಿ ಹೆಂಡತಿಗೆ ಸಾಕುಸಾಕಾಗಿತ್ತು. ಕುಕ್ಕರಿನ ಹಿಡಿಯಿಂದ ಹಿಡಿದು ಬಚ್ಚಲುಮನೆಯ ಚಿಲಕದವರೆಗೆ ಆ ಮನೆಯಲ್ಲಿ ಯಜಮಾನರ ಕೈ ಬೀಳದ ವಸ್ತುವೇ ಇರಲಿಲ್ಲ.

ಗೀಸರ್ ಒಂದು ಬಾಕಿ ಇತ್ತು. ಮಗಳು ಶಾಲೆಗೆ ಸೇರಿದ ವರ್ಷ ತಂದದ್ದು. ಮಗಳು ಈಗ ಮದುವೆಯಾಗಿ ತನ್ನ ಮನೆ ಸೇರಿದ್ದಾಳೆ. ಕೆಲವು ತಿಂಗಳಿಂದ ನಲ್ಲಿ ತಿರುಗಿಸಿದರೆ ಮೊದಲು ಬರುವುದು ಚಹದ ಬಣ್ಣದ ನೀರು. ಸ್ವಿಚ್ ಹಾಕಿದರೆ ಒಳಗಡೆ ಯಾರೋ ಕಲ್ಲು ಕುಲುಕಿದ ಹಾಗೆ ಗುಡುಗುಡು. ನೀರು ಕಾದ ಮೇಲೆ ಆರಬೇಕಾದ ಕೆಂಪು ದೀಪ ಈಚೆಗೆ ಆರುವುದನ್ನೇ ಬಿಟ್ಟಿತ್ತು.

"ರೀ, ಇದರ ಕಾಲ ಮುಗೀತು. ಬದಲಾಯಿಸೋಣ."

"ನನ್ನ ಮಂಡಿನೂ ಸದ್ದು ಮಾಡುತ್ತೆ. ನನ್ನನ್ನೂ ಬದಲಾಯಿಸ್ತೀಯಾ?"

"ಆಗೋ ಹಾಗಿದ್ರೆ ಯಾವತ್ತೋ ಮಾಡ್ತಿದ್ದೆ!"

ಕೊನೆಗೆ ಗೀಸರಿನ ಕೆಳಗಿನ ಪುಟ್ಟ ಹಿತ್ತಾಳೆ ವಾಲ್ವಿನ ಬಾಯಿಂದ ನೀರು ತೊಟ್ಟಿಕ್ಕತೊಡಗಿತು. ಸೋರಿಕೆ ಕಂಡರೆ ತೇಪೆಯಣ್ಣನ ಕೈ ಸುಮ್ಮನಿರುತ್ತದೆಯೇ? ಸಂಜೆ ಅಂಗಡಿಯಿಂದ ಬಂದವನೇ ಹಳೇ ಟೈರಿನ ತುಂಡನ್ನು ಕೆತ್ತಿ ಆ ಬಾಯಿಗೆ ತುರುಕಿದ. ಮೇಲೆ ಚಪ್ಪಲಿ ಹೊಲಿಯುವ ದಾರವನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದ. ಒಂದು ಹನಿಯೂ ಬೀಳಲಿಲ್ಲ. "ಹೇಗೆ?" ಎಂದು ಮೀಸೆ ತಿರುವಿದ.

ಮರುದಿನ ಬೆಳಿಗ್ಗೆ ಅಂಗಡಿಗೆ ಮೊದಲು ಬಂದವನು ನಲ್ಲಿ ಮೇಸ್ತ್ರಿ. ಸಾಮಾನಿನ ಚೀಲದ ಪಟ್ಟಿ ಕಿತ್ತುಹೋಗಿತ್ತು. ಹೊಲಿಯುತ್ತ ತೇಪೆಯಣ್ಣ ನಗಾಡಿದ.

"ನಿನ್ನ ಕೆಲಸವನ್ನೂ ನಾನೇ ಮಾಡಿದೆ ಕಣಯ್ಯ. ಗೀಸರ್ ವಾಲ್ವ್ ಸೋರ್ತಿತ್ತು, ಬಾಯಿ ಕಟ್ಟಿಬಿಟ್ಟೆ."

ಮೇಸ್ತ್ರಿ ನಗಲಿಲ್ಲ. "ಕೆಳಗಡೆ ಇರೋ ಹಿತ್ತಾಳೇದಾ? ಅಣ್ಣ, ಅದು ಸೋರಿಕೆ ಅಲ್ಲ. ಒಳಗೆ ಒತ್ತಡ ಜಾಸ್ತಿ ಆದ್ರೆ ಹೊರಗೆ ಬಿಡೋಕೇ ಇರೋದು ಅದು. ಕೆಂಪು ದೀಪ ಆರುತ್ತಾ?"

"ಇಲ್ಲ."

"ಅಯ್ಯೋ ದೇವರೇ! ನೀರು ಕಾಯ್ತಾನೇ ಇದ್ರೆ ಗೀಸರ್ ಸಿಡಿಯುತ್ತೆ! ಈಗ ಸ್ನಾನಕ್ಕೆ ಯಾರಿದಾರೆ?"

ತೇಪೆಯಣ್ಣ ಹೊಲಿಗೆ ಬಿಟ್ಟು ಎದ್ದ. ಅಮ್ಮ. ಈ ಹೊತ್ತಿಗೆ ಸ್ನಾನಕ್ಕೆ ಹೋಗುವವಳು ಅಮ್ಮ. ಕಿವಿಯ ಯಂತ್ರ ತೆಗೆದಿಟ್ಟು, ಬಕೆಟ್ ತುಂಬಿಸಿ ನಲ್ಲಿ ನಿಲ್ಲಿಸಿ, ಗೀಸರಿನ ಕೆಳಗೇ ಸ್ಟೂಲ್ ಹಾಕಿಕೊಂಡು ಹಾಡು ಗುನುಗುತ್ತ ಗಂಟೆಗಟ್ಟಲೆ ಕೂರುವವಳು. ಹೆಂಡತಿಗೆ ಫೋನ್ ಮಾಡಿದ. ಹೊಡೆದುಕೊಂಡೇ ಇತ್ತು, ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ.

ಅಂಗಡಿಯ ಬಾಗಿಲು ಹಾಕುವುದೂ ನೆನಪಾಗದೆ ಮೇಸ್ತ್ರಿಯ ಸ್ಕೂಟರಿನ ಹಿಂದೆ ಹತ್ತಿದ. ಸಿಗ್ನಲ್ಲಿನಲ್ಲಿ ನಿಂತ ಲಾರಿಗೂ, ಮೆಲ್ಲಗೆ ರಸ್ತೆ ದಾಟುವ ಮುದುಕರಿಗೂ ಬಾಯಿಗೆ ಬಂದ ಹಾಗೆ ಬೈದ. ನಿಜಕ್ಕೂ ಬೈದುಕೊಳ್ಳುತ್ತಿದ್ದದ್ದು ತನ್ನನ್ನೇ.

ಹೆಂಡತಿ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಮನೆಯೊಳಗೆ ಕಾಲಿಟ್ಟರೆ ಬಚ್ಚಲುಮನೆಯಿಂದ ಬರುತ್ತಿದ್ದದ್ದು ಗುಡುಗುಡು ಅಲ್ಲ, ಕೀರಲು ಸದ್ದು. ಅದರ ನಡುವೆ ಅಮ್ಮನ ಹಾಡು.

"ಅಮ್ಮಾ! ಹೊರಗೆ ಬಾ! ಅಮ್ಮಾ!" ಬಾಗಿಲು ಗುದ್ದಿದ. ಹಾಡು ನಿಲ್ಲಲಿಲ್ಲ. ಭುಜ ಕೊಟ್ಟು ನೂಕಿದ. ಬಾಗಿಲು ಅಲುಗಲಿಲ್ಲ. ಹೋದ ವರ್ಷ ಸಡಿಲವಾಗಿದ್ದ ಆ ಚಿಲಕಕ್ಕೆ ಕಬ್ಬಿಣದ ಪಟ್ಟಿ ಬಡಿದು, "ಆನೆ ಬಂದ್ರೂ ಮುರಿಯಲ್ಲ" ಎಂದಿದ್ದವನು ತಾನೇ. ಇನ್ನೊಮ್ಮೆ ನೂಕಿದ. ಅಳು ಬಂತು.

"ಅಣ್ಣ, ಮೇನ್ ಎಲ್ಲಿದೆ?" ಮೇಸ್ತ್ರಿ ಕೂಗಿದ. ತೇಪೆಯಣ್ಣ ತೋರಿಸಿದ ಕಡೆ ಓಡಿ ಮೇನ್ ಸ್ವಿಚ್ ಎಳೆದ. ಫ್ಯಾನ್ ನಿಂತಿತು. ಕಿಟಕಿಯಿಲ್ಲದ ಬಚ್ಚಲುಮನೆ ಕತ್ತಲಾಗಿರಬೇಕು. ಹಾಡೂ ನಿಂತಿತು. ಕೀರಲು ಸದ್ದು ಮಾತ್ರ ನಿಲ್ಲಲಿಲ್ಲ.

ಒಳಗೆ ಚೊಂಬು ಉರುಳಿತು. ಗೋಡೆ ಸವರುವ ಸದ್ದು. ಬೇಗ ಅಮ್ಮ, ಬೇಗ, ಎಂದು ತೇಪೆಯಣ್ಣ ಬಾಗಿಲಿಗೆ ಹಣೆ ಒತ್ತಿ ನಿಂತ. ಕೊನೆಗೂ ಚಿಲಕ ಸರಿದು ಬಾಗಿಲು ಒಂದಿಷ್ಟು ತೆರೆಯಿತು.

"ಏನೋ ಇದು, ಸೋಪು ಹಚ್ಚಿಕೊಂಡಾಗಲೇ ಹಾಳಾದ ಕರೆಂಟು..."

ಮಾತು ಮುಗಿಯಲು ಬಿಡಲಿಲ್ಲ. ಒದ್ದೆ ಸೀರೆ ಸುತ್ತಿಕೊಂಡಿದ್ದ ಅಮ್ಮನನ್ನು ಮಗುವಿನಂತೆ ಬಾಚಿ ಎತ್ತಿಕೊಂಡು ಬೀದಿಯ ಬಾಗಿಲಿನತ್ತ ಓಡಿದ. ಅವಳು ನಾಚಿಕೆಯಿಂದ ಬೆನ್ನ ಮೇಲೆ ಗುದ್ದುತ್ತಲೇ ಇದ್ದಳು. ಹೊಸ್ತಿಲು ದಾಟಿದ್ದನೋ ಇಲ್ಲವೋ, ಹಿಂದೆ ಢಮಾರ್ ಎಂದಿತು. ಹಜಾರದ ತನಕ ಹಬೆ ನುಗ್ಗಿತು.

ಹಬೆ ಕರಗಿದ ಮೇಲೆ ಮೇಸ್ತ್ರಿಯ ಹಿಂದೆ ಒಳಗೆ ಹೋಗಿ ನೋಡಿದ. ಗೀಸರಿನ ತಳ ಕಿತ್ತು ಬಂದಿತ್ತು. ಅಮ್ಮ ಕೂರುವ ಪ್ಲಾಸ್ಟಿಕ್ ಸ್ಟೂಲ್ ಎರಡು ಹೋಳು. ನೆಲದ ಮೇಲೆ ವಾಲ್ವ್ ಬಿದ್ದಿತ್ತು, ಆತ ಕಟ್ಟಿದ ಗಂಟು ಒಂದು ಎಳೆಯೂ ಸಡಿಲವಾಗದೆ ಹಾಗೇ ಇತ್ತು.

ಮಹಡಿಯಿಂದ ಓಡಿಬಂದ ಹೆಂಡತಿ ಅತ್ತೆಗೆ ಕಂಬಳಿ ಹೊದಿಸಿ ಪಕ್ಕದ ಮನೆಯ ಜಗಲಿಯ ಮೇಲೆ ಕೂರಿಸಿದ್ದಳು.

ಅಮ್ಮನಿಗೆ ಸದ್ದೂ ಕೇಳಿರಲಿಲ್ಲ, ಏನಾಯಿತೆಂದೂ ತಿಳಿದಿರಲಿಲ್ಲ. ಮಗ ಬಂದು ಕಾಲ ಬಳಿ ಕೂತಾಗ ಸೋಪಿನ ಕೈಯಲ್ಲೇ ಅವನ ತಲೆ ಸವರಿದಳು.

"ಕರೆಂಟು ಹೋದ್ರೆ ಹೋಗ್ಲಿ ಬಿಡೋ, ಅದಕ್ಯಾಕೆ ಅಳ್ತೀಯ? ಇವತ್ತು ನೀರು ಎಷ್ಟು ಬಿಸಿ ಇತ್ತು ಗೊತ್ತಾ! ನಿನ್ನ ಕೈಗೆ ಸಿಕ್ಕಿದ್ದು ಯಾವತ್ತೂ ಕೆಡಲ್ಲ ಕಣೋ."