ಮುಷ್ಟಿಯಲ್ಲಿ ಕಾರಿನ ಕೀಲಿಕೈ

ಬೆಳಿಗ್ಗೆ ಹತ್ತೂಕಾಲಿಗೆ ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಕಬ್ಬಿಣದ ಸರಳೊಂದು ಜಾರಿ ನನ್ನ ತಮ್ಮನ ತಲೆಗೆ ಬಿತ್ತು. ಫಿಟ್ಸ್ ಶುರುವಾದದ್ದೇ ತಡ, ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆಂದು ಎಲ್ಲರೂ ಅವನ ಮುಷ್ಟಿಗೆ ತಂತಮ್ಮ ಕೀಲಿಕೈ ತುರುಕಿದರು. ಹಿಂದೆ ಬೀಳಬಾರದೆಂದು ಮ್ಯಾನೇಜರೂ ಕೊಟ್ಟರು. ಅದು ಅವರ ಅಂಬಾಸಿಡರ್ ಕಾರಿನದೆಂದು ತಿಳಿದದ್ದು, ಆಸ್ಪತ್ರೆಗೆ ಹೊರಡಲು ತಮ್ಮನನ್ನು ಅದೇ ಕಾರಿನಲ್ಲಿ ಮಲಗಿಸಿದ ಮೇಲೆ.

"ಮುಷ್ಟಿ ಬಿಡಿಸ್ಬೇಡಿ ಸಾರ್, ಜೀವ ಹೋಗ್ಬಿಡ್ತದೆ," ಎಂದು ಕೀಲಿಕೈ ತೆಗೆಯಹೋದ ನನ್ನ ಕೈಯನ್ನು ನಾಲ್ವರು ಹಿಡಿದರು. ಕಡೆಗೆ ಇಟ್ಟಿಗೆ ಲಾರಿಯೊಂದನ್ನು ಅಡ್ಡಹಾಕಿ ಹೊರಟೆವು.

ಮೆದುಳಿನ ಸರ್ಜನ್ ತಲೆಯೊಳಗೆ ಹೆಪ್ಪುಗಟ್ಟಿದ್ದ ರಕ್ತ ತೆಗೆದು ಹೊರಬಂದು, ಕೀಲಿಕೈಗಳನ್ನು ನನಗೆ ಕೊಟ್ಟರು. "ಇನ್ನೂ ಸ್ವಲ್ಪ ತಡವಾಗಿದ್ರೆ ನಿಮಗೆ ಇವಷ್ಟೇ ಉಳೀತಿದ್ವು ಕಣ್ರೀ."

ತಮ್ಮನನ್ನು ಉಳಿಸಿದ್ದು ಕೀಲಿಕೈಗಳೇ ಎಂದು ಕಾರ್ಖಾನೆ ಈಗಲೂ ನಂಬಿದೆ. ಆಮೇಲೆ ನಾನು ಮೊದಲ ಸಲ ರಾತ್ರಿಯಿಡೀ ನಿದ್ದೆ ಮಾಡಿದ್ದು, ಆಸ್ಪತ್ರೆಯ ಉಪ್ಪಿಟ್ಟಿಗೆ ಉಪ್ಪಿಲ್ಲವೆಂದು ತಮ್ಮ ಬೈದ ದಿನ.