ಬೆಳೆಯುವ ಗುಡ್ಡ

ಸಿರುಗುಪ್ಪದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ನಾನು ಆ ಭಾನುವಾರ ಬಳ್ಳಾರಿಯ ಮನೆಯಲ್ಲಿ ಕೂತು, ಕೆರಿಬಿಯನ್ ಸಮುದ್ರದ ಜ್ವಾಲಾಮುಖಿ ದ್ವೀಪವೊಂದರ ವಿಡಿಯೊವನ್ನು ಮೊಬೈಲಿನಲ್ಲಿ ನೋಡುತ್ತಿದ್ದೆ. ದ್ವೀಪದ ದಕ್ಷಿಣದಲ್ಲಿ ಒಂದು ಊರು ಸೂರಿನವರೆಗೂ ಬೂದಿಯಲ್ಲಿ ಹೂತುಹೋಗಿತ್ತು. ಕುರುಗೋಡಿನಿಂದ ಬಂದಿದ್ದ ದೊಡ್ಡಮ್ಮ ನನ್ನ ಹಿಂದೆ ನಿಂತಿದ್ದಳು. ಅವಳ ಮನೆಯ ಹಿಂದಿನ ಗುಡ್ಡವನ್ನು ಕ್ವಾರಿಯವರು ಅರ್ಧ ತಿಂದಿದ್ದಾರೆ. ಓಣಿಗೆ ಲಾರಿ ಬಂದರೆ, ಅದು ಯಾರದೆಂದು ತಿಳಿಯಲು ಅವಳು ಮೊದಲು ನೋಡುವುದು ನಂಬರ್ ಪ್ಲೇಟನ್ನು.

“ಯಾರ ಕ್ವಾರಿ ಅದು?” ಎಂದಳು.

“ಕ್ವಾರಿ ಅಲ್ಲ ದೊಡ್ಡಮ್ಮ. ಒಳಗಿನ ಕಲ್ಲು ಕರಗಿ ಮ್ಯಾಲ ಬರ್ತೈತಿ, ಗುಡ್ಡ ತಾನಾಗೇ ಬೆಳೀತೈತಿ. ಅದಕ್ಕ ಆ ಕಡಿ ಯಾರನ್ನೂ ಬಿಡಂಗಿಲ್ಲ.”

“ಗುಡ್ಡ ಬೆಳೀತೈತಿ?” ನನ್ನನ್ನೇ ದಿಟ್ಟಿಸಿದಳು. “ಊರೆಲ್ಲಾ ಧೂಳಾಗೈತಿ, ಮಂದಿ ಮನಿ ಬಿಟ್ಟಾರ, ಒಳಗ ಬಿಡಂಗಿಲ್ಲ ಅಂತಿ. ತಾನಾಗೇ ಅಂತ ನಿನಗ್ಯಾರು ಹೇಳಿದ್ರು?”

ನನಗೆ ಸಿಟ್ಟೇ ಬಂತು. ವರ್ಷವರ್ಷವೂ ಮಕ್ಕಳಿಗೆ ಕಲಿಸುವುದನ್ನು ಇವಳಿಗೆ ಸಾಬೀತು ಮಾಡಬೇಕೇ? ವಿಡಿಯೊವನ್ನು ಮುಂದಕ್ಕೆ ಓಡಿಸಿದೆ. ಯಾರೂ ಹೋಗಬಾರದ ಆ ಬೂದಿಯ ನಡುವೆ ಒಂದು ಲಾರಿ ನಿಂತು ಮರಳು ತುಂಬಿಕೊಳ್ಳುತ್ತಿತ್ತು.

“ನಂಬರ್ ನೋಡು,” ಎಂದಳು ದೊಡ್ಡಮ್ಮ.

ನಾನು ವಿಡಿಯೊ ನಿಲ್ಲಿಸಿ, ಲಾರಿಯ ಹಿಂಭಾಗವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದೆ.